ಸ್ಪೀಡ್ ಇತ್ತು, ಮಾತು ತಲುಪುತ್ತಿರಲಿಲ್ಲ: ಪಾವಗಡ ಕಡೆಯ ಒಂದು ಉಪಕೇಂದ್ರದ ವಿಡಿಯೊ ಸಮಾಲೋಚನೆಯ ಪ್ರಕರಣ

ಹಿನ್ನೆಲೆ

ಪಾವಗಡ ತುಮಕೂರು ಜಿಲ್ಲೆಗೆ ಸೇರಿದ್ದರೂ ಜಿಲ್ಲಾ ಕೇಂದ್ರದಿಂದ ಸುಮಾರು ನೂರು ಕಿಲೋಮೀಟರ್ ದೂರ. ಸುತ್ತ ಬಹುಪಾಲು ಆಂಧ್ರದ ಗಡಿ. ತಜ್ಞ ವೈದ್ಯರನ್ನು ಕಾಣಬೇಕೆಂದರೆ ಮಧುಗಿರಿ ದಾಟಿ ತುಮಕೂರಿಗೆ ಹೋಗಿಬರಬೇಕು. ರೋಗಿಯ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದವರದ್ದೂ ಹೋಗುತ್ತದೆ. ಇಲ್ಲಿ ಹೇಳುತ್ತಿರುವುದು ಈ ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರದ ಪ್ರಕರಣ. ಊರು, ಸಿಬ್ಬಂದಿ, ರೋಗಿಗಳ ಗುರುತು ಹತ್ತುವ ವಿವರಗಳನ್ನು ಬಿಡಲಾಗಿದೆ ಇಲ್ಲವೇ ಬದಲಿಸಲಾಗಿದೆ.

ಕೇಂದ್ರದಲ್ಲಿ ಒಬ್ಬ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ, ಎಲ್ಲರ ಬಾಯಲ್ಲಿ ಸಿಎಚ್‌ಒ. ಒಬ್ಬ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಬಂದುಹೋಗುವ ಕೆಲವು ಆಶಾ ಕಾರ್ಯಕರ್ತೆಯರು. ಬಿಪಿ ಮತ್ತು ಸಕ್ಕರೆ ಕಾಯಿಲೆಯವರ ಮರುತಪಾಸಣೆಗೆ ವಾರದಲ್ಲಿ ಎರಡು ದಿನ ಬೆಳಿಗ್ಗೆ ವಿಡಿಯೊ ಸಮಾಲೋಚನೆ. ವ್ಯವಸ್ಥೆ 2019ರ ನವೆಂಬರಿನಲ್ಲಿ ಶುರುವಾದ ಸರ್ಕಾರಿ ದೂರವೈದ್ಯ ಸೇವೆ ಇ-ಸಂಜೀವನಿಯ ಹಬ್–ಸ್ಪೋಕ್ ಮಾದರಿಯದು: ಈ ತುದಿಯಲ್ಲಿ ರೋಗಿಯ ಪಕ್ಕ ಸಿಎಚ್‌ಒ, ಆ ತುದಿಯಲ್ಲಿ ಹಬ್‌ನ ವೈದ್ಯರು. ಸಲಕರಣೆ ಒಂದು ಲ್ಯಾಪ್‌ಟಾಪ್, ಒಂದು 4ಜಿ ಸಿಮ್ ರೂಟರ್, ಬಿಪಿ ಯಂತ್ರ, ಗ್ಲುಕೋಮೀಟರ್, ಪಲ್ಸ್ ಆಕ್ಸಿಮೀಟರ್. ಹತ್ತಡಿ ಅಗಲದ ಕೋಣೆ, ಟೈಲ್ಸ್ ನೆಲ, ಬರಿಗೋಡೆ.

ಸಮಸ್ಯೆ

ಕರೆ ಸೇರುತ್ತಿತ್ತು, ಮುಖ ಕಾಣುತ್ತಿತ್ತು. ಎರಡು ನಿಮಿಷ ಕಳೆಯುವಷ್ಟರಲ್ಲಿ ವೈದ್ಯರ ಮಾತು ತುಂಡುತುಂಡಾಗಿ, ಚಿತ್ರ ಹೆಪ್ಪುಗಟ್ಟಿದಂತೆ ನಿಲ್ಲುತ್ತಿತ್ತು. ಆಗ ವಿಡಿಯೊ ಬಿಟ್ಟು ಫೋನಿನಲ್ಲಿ ಮಾತು ಮುಗಿಸುತ್ತಿದ್ದರು. ಅದೂ ಆಗದಿದ್ದರೆ ‘ಇನ್ನೊಂದು ದಿನ ಬನ್ನಿ’.

ಅರವತ್ತರ ಆಸುಪಾಸಿನ ಒಬ್ಬ ಮಹಿಳೆಗೆ ಹೀಗೇ ಮೇಲಿಂದ ಮೇಲೆ ಭೇಟಿ ಅರ್ಧಕ್ಕೆ ನಿಂತಿತ್ತು. ಬಿಪಿ, ಸಕ್ಕರೆ ಎರಡೂ ಇದ್ದವರು. ಕಾದು ಬೇಸತ್ತು ಮಗನ ಜೊತೆ ಪಟ್ಟಣಕ್ಕೆ ಹೋಗಿ ಖಾಸಗಿಯಾಗಿ ತೋರಿಸಿಕೊಂಡು ಮಾತ್ರೆ ತಂದುಕೊಂಡರು. ಆ ವಿಷಯ ಕೇಂದ್ರಕ್ಕೆ ಗೊತ್ತಾಗಲಿಲ್ಲ. ಈ ಮಹಿಳೆಯ ಕಥೆ ಮುಂದೆ ಮತ್ತೆ ಬರುತ್ತದೆ; ಕೆಟ್ಟ ಕರೆಯ ಬೆಲೆ ಬರೀ ಕಿರಿಕಿರಿಯಲ್ಲ ಎಂದು ತೋರಿಸಿದ್ದು ಅದೇ.

ಮೊದಲ ಎರಡು ಪ್ರಯತ್ನ

ಎಲ್ಲರೂ ಹೇಳಿದ್ದು ಒಂದೇ: ‘ನೆಟ್ ಸ್ಲೋ.’ ಹಾಗಾಗಿ ಮೊದಲು ರೀಚಾರ್ಜ್ ದೊಡ್ಡದಾಯಿತು. ದಿನಕ್ಕೆ 1.5 ಜಿಬಿ ಇದ್ದದ್ದು 2.5 ಜಿಬಿ ಆಯಿತು. ಇದರಿಂದ ಸ್ವಲ್ಪ ಗುಣ ಕಂಡಿತು, ಆ ಸ್ವಲ್ಪ ಗುಣವೇ ದಾರಿ ತಪ್ಪಿಸಿತು.

ಲೆಕ್ಕ ನೋಡಿ. 720ಪಿ ಸ್ಪಷ್ಟತೆಯ ವಿಡಿಯೊಗೆ ಒಂದೊಂದು ದಿಕ್ಕಿಗೆ ಸುಮಾರು 1.5 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 1.5 ಮೆಗಾಬಿಟ್ ಬೇಕು; ಎಂಟು ಬಿಟ್ ಸೇರಿದರೆ ಒಂದು ಬೈಟ್. ಹತ್ತು ನಿಮಿಷದ ಕರೆಗೆ ಹೋಗುವ, ಬರುವ ಎರಡೂ ಸೇರಿ 225 ಎಂಬಿ ಆಸುಪಾಸು. ಆರೇಳು ರೋಗಿಗಳಾಗುವಷ್ಟರಲ್ಲಿ 1.5 ಜಿಬಿ ಮುಗಿದು, ಉಳಿದ ದಿನವಿಡೀ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತಿತ್ತು. ಕೊನೆಯ ರೋಗಿಗಳ ಕರೆ ಸತ್ತೇಹೋಗುತ್ತಿದ್ದದ್ದು ಇದಕ್ಕೆ. ದೊಡ್ಡ ಪ್ಯಾಕ್ ಹಾಕಿಸಿದ ಮೇಲೆ ಅದು ನಿಂತಿತು. ಬೆಳಿಗ್ಗೆ ಹತ್ತು, ಹತ್ತೂವರೆಯ ಕರೆಗಳು ಮಾತ್ರ ಮೊದಲಿನ ಹಾಗೇ ಒದ್ದಾಡುತ್ತಿದ್ದವು. ಪ್ಯಾಕ್ ದೊಡ್ಡದಾದರೆ ಡೇಟಾದ ಪ್ರಮಾಣ ಹೆಚ್ಚುತ್ತದೆಯೇ ಹೊರತು ಸಿಗ್ನಲ್ಲೂ ಹೆಚ್ಚುವುದಿಲ್ಲ, ಇಲ್ಲಿಂದ ಹೊರಗೆ ಕಳಿಸುವ ವೇಗ, ಅಂದರೆ ಅಪ್‌ಲೋಡೂ ಹೆಚ್ಚುವುದಿಲ್ಲ.

ಆಮೇಲೆ ಬಂದದ್ದು ಹೊಸ ಕ್ಯಾಮೆರಾ, 1080ಪಿಯದ್ದು. ಅದನ್ನು ಹಾಕಿದ ದಿನದಿಂದ ಕರೆ ಇನ್ನೂ ಕೆಟ್ಟಿತು. ಆಗಲೇ ಉಸಿರುಗಟ್ಟಿದ್ದ ಅಪ್‌ಲೋಡಿಗೆ ಹೊರೆ ಹೆಚ್ಚಿದರೆ ಇನ್ನೇನಾಗುತ್ತದೆ? ಖರೀದಿ ಮಾಡುವುದು ಸುಲಭ, ಅಳೆಯುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಬಹಳ ಕೇಂದ್ರಗಳಲ್ಲಿ ಹಣ ಹೋಗುವುದು ಈ ಕ್ರಮದಲ್ಲೇ.

ಅಳತೆ ಹೇಳಿದ್ದು

ತಾಲ್ಲೂಕು ಮಟ್ಟದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಒಬ್ಬರು ಬಂದು ಮೊದಲು ಮಾಡಿದ್ದು ಸ್ಪೀಡ್ ಟೆಸ್ಟ್. ಡೌನ್‌ಲೋಡ್ ಇಪ್ಪತ್ತರ ಮೇಲೆ, ಅಪ್‌ಲೋಡ್ ಮೂರು ಎಂಬಿಪಿಎಸ್. ವಿಡಿಯೊಗೆ ಧಾರಾಳ ಸಾಕು. ಇಷ್ಟಕ್ಕೇ ನಿಲ್ಲಿಸಿದ್ದರೆ ‘ಲೈನ್ ಸರಿ ಇದೆ, ಆ ಕಡೆ ತೊಂದರೆ’ ಎಂದು ಷರಾ ಬರೆದು ಹೊರಡಬಹುದಿತ್ತು. ಅವರು ಹೊರಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಗೂಗಲ್‌ನ 8.8.8.8 ವಿಳಾಸಕ್ಕೆ ನಿಲ್ಲದೆ ಪಿಂಗ್ (ಹೋಗಿಬರಲು ಎಷ್ಟು ಹೊತ್ತು ಹಿಡಿಯಿತು ಎಂದು ತೋರಿಸುವ ಸಣ್ಣ ಸಂದೇಶ) ಹೋಗುವಂತೆ ಬಿಟ್ಟು, ಸಮಾಲೋಚನೆಯ ಹೊತ್ತಿನಲ್ಲೇ ಪರದೆ ನೋಡುತ್ತ ಕೂತರು. ಪ್ರಕರಣ ತಿರುಗಿದ್ದು ಇಲ್ಲಿ.

ಒಂಬತ್ತೂವರೆಗೆ ಪಿಂಗ್ 50–60 ಮಿಲಿಸೆಕೆಂಡ್. ಹತ್ತು ದಾಟುತ್ತಿದ್ದಂತೆ 700, 900, ಒಮ್ಮೊಮ್ಮೆ ಸಾವಿರದ ಮೇಲೆ. ಮಾತುಕತೆಗೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇರಬೇಕು ಎನ್ನುವುದು ದೂರಸಂಪರ್ಕದವರು ಒಪ್ಪಿಕೊಂಡ ಅಳತೆ. ವಿಳಂಬದ ಏರಿಳಿತ 30 ಮಿಲಿಸೆಕೆಂಡ್ ಮೀರದಿದ್ದರೆ, ಕಳೆದುಹೋಗುವ ಪ್ಯಾಕೆಟ್ (ಡೇಟಾದ ಸಣ್ಣ ತುಣುಕು) ನೂರಕ್ಕೆ ಒಂದಕ್ಕಿಂತ ಕಡಿಮೆ ಇದ್ದರೆ ಧ್ವನಿ ಕೆಡುವುದಿಲ್ಲ. ಇಲ್ಲಿ ಮೂರೂ ಹದ್ದು ಮೀರಿದ್ದವು.

ಹತ್ತು ಗಂಟೆಗೇ ಯಾಕೆ? ಅದು ಎಲ್ಲರೂ ಕೇಂದ್ರಕ್ಕೆ ಬಂದು ಸೇರುವ ಹೊತ್ತು. ಎಲ್ಲರ ಫೋನಿಗೂ ಕೇಂದ್ರದ ವೈಫೈ ಪಾಸ್‌ವರ್ಡ್ ಗೊತ್ತು. ಫೋಟೊ ಬ್ಯಾಕಪ್ಪಿಗೆ ‘ವೈಫೈ ಇದ್ದಾಗ ಮಾತ್ರ’ ಎಂಬ ಆಯ್ಕೆ ಇರುವುದರಿಂದ ಹಿಂದಿನ ದಿನ ತೆಗೆದ ಫೋಟೊ, ವಿಡಿಯೊಗಳೆಲ್ಲ ಕಾದಿದ್ದು, ಬಾಗಿಲು ದಾಟುತ್ತಿದ್ದಂತೆ ಒಟ್ಟಿಗೆ ಮೇಲೇರಲು ನಿಲ್ಲುತ್ತಿದ್ದವು. ಯಾರೂ ಫೋನ್ ಮುಟ್ಟಬೇಕಾಗಿಯೂ ಇರಲಿಲ್ಲ.

ರೂಟರ್ ಹೊರಗೆ ಕಳಿಸಲಾಗದ ಡೇಟಾವನ್ನು ಕೂಡಲೇ ಬಿಸಾಡುವುದಿಲ್ಲ, ಜಾಗ ಇರುವವರೆಗೆ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಸಾಲಿನ ಜಾಗ 256 ಕೆಬಿ, ಅಪ್‌ಲೋಡ್ 2 ಎಂಬಿಪಿಎಸ್ ಅಂದುಕೊಳ್ಳಿ. ಸಾಲು ತುಂಬಿದಾಗ ಕೊನೆಗೆ ಬಂದ ಪ್ಯಾಕೆಟ್ ಹೊರಬೀಳಲು ಒಂದು ಸೆಕೆಂಡ್ ಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಮೂಟೆ ಹೊರುವವರ ಹಿಂದೆ ಅರ್ಧ ಲೀಟರ್ ಎಣ್ಣೆಗೆ ನಿಂತವನ ಪಾಡು ಧ್ವನಿಯ ಪ್ಯಾಕೆಟ್ಟಿಗೆ. ಅದಕ್ಕೆ ಬೇಕಾದದ್ದು ಮೂವತ್ತು ನಲವತ್ತು ಕೆಬಿಪಿಎಸ್ ಅಷ್ಟೇ, ಆದರೆ ಸರದಿ ಬರುವುದಿಲ್ಲ. ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿಯಲ್ಲಿ ಇದು ಕಾಣುವುದಿಲ್ಲ. ಬೇರೊಂದು ಫೋನಿನಿಂದ ದೊಡ್ಡ ವಿಡಿಯೊ ಕಳಿಸುತ್ತ ಪಿಂಗ್ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಇದೇ ಹುಡುಕಾಟದಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಬ್ಯಾಕಪ್ ಆಗುತ್ತಿದ್ದ ಫೋಟೊಗಳಲ್ಲಿ ರೋಗಿಗಳ ಕಾಲಿನ ಹುಣ್ಣು, ಪ್ರಯೋಗಾಲಯದ ವರದಿ, ಗುರುತಿನ ಚೀಟಿಯ ಚಿತ್ರಗಳೂ ಇದ್ದವು. ಸಿಬ್ಬಂದಿ ಸ್ವಂತ ಫೋನಿನಲ್ಲಿ ತೆಗೆದವು, ಅವರವರ ಖಾಸಗಿ ಖಾತೆಗೆ ತಾವಾಗಿ ಹೋಗುತ್ತಿದ್ದವು. ಯಾರದ್ದೂ ದುರುದ್ದೇಶವಲ್ಲ. ಆದರೆ ಕರೆಯನ್ನು ಕೆಡಿಸುತ್ತಿದ್ದ ಸಂಗತಿಯೇ ರೋಗಿಯ ಗೋಪ್ಯತೆಯನ್ನೂ ಸೋರಿಸುತ್ತಿತ್ತು. ಎರಡನ್ನೂ ಒಟ್ಟಿಗೆ ಸರಿಪಡಿಸಬೇಕು ಎಂಬ ತೀರ್ಮಾನ ಆ ದಿನವೇ ಆಯಿತು.

ಸರಿಪಡಿಸಿದ್ದು

ರೂಟರಿನಲ್ಲೇ ಇದ್ದ ಅತಿಥಿ ವೈಫೈ ತೆರೆದು ಸಿಬ್ಬಂದಿಯ ಫೋನುಗಳನ್ನೆಲ್ಲ ಅದಕ್ಕೆ ಸರಿಸಿದರು. ಅದರ ಒಟ್ಟು ಅಪ್‌ಲೋಡಿಗೆ 512 ಕೆಬಿಪಿಎಸ್ ಮಿತಿ. ಮುಖ್ಯ ವೈಫೈನ ಪಾಸ್‌ವರ್ಡ್ ಬದಲಾಯಿತು. ಲ್ಯಾಪ್‌ಟಾಪಿನ ಸಂಪರ್ಕವನ್ನು ‘ಮೀಟರ್ಡ್’ (ಡೇಟಾ ಅಳೆದು ಬಳಸಬೇಕಾದದ್ದು) ಎಂದು ಗುರುತಿಸಿದರು. ಇಲ್ಲವಾದರೆ ವಿಂಡೋಸ್ ತನ್ನ ಅಪ್‌ಡೇಟನ್ನು ರೋಗಿ ಕೂತಾಗಲೇ ಇಳಿಸಲು ಶುರುಮಾಡುತ್ತದೆ. ಕರೆಯ ಗುಣಮಟ್ಟವನ್ನು 360ಪಿಗೆ ಇಳಿಸಿದರು, ಅದಕ್ಕೆ ಅರ್ಧ ಎಂಬಿಪಿಎಸ್ ಸಾಕು. ಮುಖ, ಉಸಿರಾಟ, ನಡಿಗೆ ನೋಡಲು ಅಷ್ಟು ಧಾರಾಳ. ಸೂಕ್ಷ್ಮವಾಗಿ ನೋಡಬೇಕಾದದ್ದಕ್ಕೆ ಸ್ಥಿರಚಿತ್ರವೇ ಲೇಸು.

ರೂಟರ್ ಕೂತಿದ್ದ ಜಾಗ ಇನ್ನೊಂದು ಸಮಸ್ಯೆ. ಕಳ್ಳತನದ ಭಯಕ್ಕೆ ಒಳಕೋಣೆಯ ಕಬ್ಬಿಣದ ಬೀರುವಿನ ಹಿಂದೆ ಇಟ್ಟಿದ್ದರು. ರೂಟರಿನ ಸೆಟಿಂಗ್ಸ್ ಪುಟದಲ್ಲಿ ಆರ್‌ಎಸ್‌ಆರ್‌ಪಿ ಎಂದು ತೋರಿಸುವ ಸಿಗ್ನಲ್ ಬಲ ಅಲ್ಲಿ ಮೈನಸ್ 112 ಡಿಬಿಎಂ. ಟವರ್ ಇರುವ ದಿಕ್ಕಿನ ಕಿಟಕಿಯ ಮೇಲಿನ ಸಜ್ಜೆಗೆ ತಂದಾಗ ಮೈನಸ್ 98. ಹದಿನಾಲ್ಕು ಡಿಬಿ ವ್ಯತ್ಯಾಸ ಎಂದರೆ ಸಿಗುವ ಶಕ್ತಿ ಸುಮಾರು 25 ಪಟ್ಟು. ಸಜ್ಜೆಯಿಂದ ಮೇಜಿನವರೆಗೆ 15 ಮೀಟರ್ ಕ್ಯಾಟ್-6 ಕೇಬಲ್ ಎಳೆದು ಲ್ಯಾಪ್‌ಟಾಪನ್ನು ತಂತಿಗೇ ಜೋಡಿಸಿದರು. ಹೊರಗೆ ಆಂಟೆನಾ ಹಾಕಿಸುವ ಮಾತೂ ಬಂದಿತ್ತು. ಆದರೆ ಅಗ್ಗದ ಆರ್‌ಜಿ-58 ಆಂಟೆನಾ ತಂತಿ 4ಜಿಯ 1800 ಮೆಗಾಹರ್ಟ್ಸ್‌ನಲ್ಲಿ ಹತ್ತು ಮೀಟರಿಗೆ ಎಂಟು ಡಿಬಿ ಹತ್ತಿರ ತಿಂದುಹಾಕುತ್ತದೆ, ಆಂಟೆನಾ ತಂದ ಲಾಭ ತಂತಿಯಲ್ಲೇ ಹೋಗುತ್ತದೆ. ರೂಟರನ್ನೇ ಸರಿಸಿ ಡೇಟಾ ಕೇಬಲ್ ಉದ್ದ ಮಾಡುವುದು ಅಗ್ಗ, ಅದರಲ್ಲಿ ನಷ್ಟವೂ ಇಲ್ಲ. ನೂರು ಮೀಟರಿನವರೆಗೆ ಎಳೆಯಬಹುದು. ಒಂದೇ ಎಚ್ಚರಿಕೆ: ರೂಟರಿನ ಮೇಲೆ ನೇರ ಬಿಸಿಲು ಬೀಳಬಾರದು. ಪಾವಗಡದ ಏಪ್ರಿಲ್ ಬಿಸಿಲಿಗೆ ಕಪ್ಪು ಪ್ಲಾಸ್ಟಿಕ್ ಡಬ್ಬ ಕಾದು ತಾನೇ ಆರಿ ಹತ್ತುತ್ತದೆ.

ಇನ್ನು ಕರೆಂಟು. ಎರಡು ಸಾವಿರ ಮೆಗಾವಾಟ್ ಮೀರಿದ ಸೌರ ಪಾರ್ಕ್ ಇರುವ ತಾಲ್ಲೂಕು ಇದು, ಆದರೂ ಉಪಕೇಂದ್ರದ ಲೈನ್ ಹೋಗಿಬರುತ್ತಿರುತ್ತದೆ. ಇನ್ವರ್ಟರ್ ಇತ್ತು. ಕರೆಂಟು ಹೋದ ಕ್ಷಣ ಅದು ಬ್ಯಾಟರಿಗೆ ಬದಲಾಗುವಷ್ಟರಲ್ಲಿ ರೂಟರ್ ಆರಿ, ಮತ್ತೆ ಹತ್ತಿ ಟವರ್ ಹಿಡಿಯಲು ಎರಡು ನಿಮಿಷ ಹಿಡಿಯುತ್ತಿತ್ತು, ಕರೆ ಸಾಯುತ್ತಿತ್ತು. ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು ‘ಯುಪಿಎಸ್’ ಕಡೆಗೆ ಹಾಕಿದರೆ ಬದಲಾವಣೆ ಬೇಗ ಆಗುತ್ತದೆ. ಹಾಕಿ ನೋಡಿದರು. ಆದರೆ ಆ ಸ್ಥಿತಿಯಲ್ಲಿ ವೋಲ್ಟೇಜ್ 180ಕ್ಕಿಂತ ಕೆಳಗಿಳಿದರೆ ಇನ್ವರ್ಟರ್ ಲೈನನ್ನು ಒಪ್ಪದೆ ಬ್ಯಾಟರಿಗೆ ಹೋಗುತ್ತದೆ. ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ಇಲ್ಲಿ ವೋಲ್ಟೇಜ್ ಇಳಿಯುವುದು ಮಾಮೂಲು, ಬ್ಯಾಟರಿ ಮಧ್ಯಾಹ್ನಕ್ಕೇ ಬರಿದಾಗತೊಡಗಿತು. ಸ್ವಿಚ್ಚನ್ನು ಮತ್ತೆ ಹಳೆಯ ಕಡೆಗೇ ಹಾಕಿ, ರೂಟರಿಗೆ ಮಾತ್ರ 12 ವೋಲ್ಟಿನ ಸಣ್ಣ ಡಿಸಿ ಯುಪಿಎಸ್ ಕೊಟ್ಟರು. ಲ್ಯಾಪ್‌ಟಾಪಿಗೆ ಅದರದ್ದೇ ಬ್ಯಾಟರಿ ಇದೆ. ಇಂಥದ್ದನ್ನು ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಮೇಲೆ ಬರೆದದ್ದು ಓದಬೇಕು: 9 ವೋಲ್ಟೋ 12 ವೋಲ್ಟೋ, ಎಷ್ಟು ಆಂಪಿಯರ್. ಪಿನ್ನಿನ ಒಳವ್ಯಾಸ 2.1 ಮಿ.ಮೀ.ಯೋ 2.5 ಮಿ.ಮೀ.ಯೋ ಎಂದೂ ನೋಡಿಕೊಳ್ಳಬೇಕು. ಪಿನ್ ಸಡಿಲವಿದ್ದರೆ ಮೇಜು ಅಲುಗಿದಾಗಲೆಲ್ಲ ರೂಟರ್ ಆರುತ್ತದೆ, ಬೈಗುಳ ಮತ್ತೆ ನೆಟ್‌ವರ್ಕಿಗೆ ಬೀಳುತ್ತದೆ.

ಕೋಣೆ, ಕಿವಿ, ಬೆಳಕು

ನೆಟ್‌ವರ್ಕ್ ಸರಿಹೋದ ಮೇಲೂ ವೈದ್ಯರದ್ದು ಒಂದು ದೂರು ಉಳಿಯಿತು: ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ, ತಮ್ಮ ಮಾತೇ ತಿರುಗಿ ಬರುತ್ತದೆ. ಮಾತು ತಿರುಗಿ ಬರುತ್ತಿದ್ದದ್ದು ಒಂದೇ ಕೋಣೆಯಲ್ಲಿ ಲ್ಯಾಪ್‌ಟಾಪ್, ಫೋನ್ ಎರಡೂ ಕರೆಯಲ್ಲಿದ್ದು ಎರಡರ ಮೈಕೂ ತೆರೆದಿದ್ದರಿಂದ. ಒಂದು ಕೋಣೆಗೆ ಒಂದೇ ಮೈಕ್ ಎಂದು ನಿಯಮ ಮಾಡಿದ ದಿನ ಅದು ನಿಂತಿತು. ಬಾವಿಯ ಧ್ವನಿಗೆ ಕಾರಣ ಟೈಲ್ಸ್ ಮತ್ತು ಬರಿಗೋಡೆ. ಕಿಟಕಿಗೆ ದಪ್ಪ ಹತ್ತಿ ಪರದೆ, ರೋಗಿಯ ಎದುರಿನ ಗೋಡೆಗೆ ಒಂದು ಜಮಖಾನ ತೂಗುಹಾಕಿದರು. ಪ್ರತಿಧ್ವನಿ ತಗ್ಗಿಸುವ ಯುಎಸ್‌ಬಿ ಸ್ಪೀಕರ್‌ಫೋನ್ ಒಂದನ್ನು ರೋಗಿಯಿಂದ ಒಂದೂವರೆ ಅಡಿ ದೂರದಲ್ಲಿ, ಫ್ಯಾನಿನ ಗಾಳಿ ನೇರ ಬೀಳದ ಕಡೆ ಇಟ್ಟರು. ಮಾಡಿದ ಖರೀದಿಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು, 1080ಪಿ ಕ್ಯಾಮೆರಾ ಅಲ್ಲ. ಚಿತ್ರ ಮಸುಕಾದರೂ ವೈದ್ಯರು ಕೇಳಿ ತಿಳಿದುಕೊಳ್ಳುತ್ತಾರೆ. ಮಾತು ಕೆಟ್ಟರೆ ರೋಗಿ ‘ಹ್ಞೂಂ’ ಎಂದು ತಲೆಯಾಡಿಸಿ ಎದ್ದುಹೋಗುತ್ತಾರೆ.

ಸ್ಪೀಕರಿನಿಂದ ಹೊಸ ತೊಡಕೂ ಹುಟ್ಟಿತು, ಹೊರಗೆ ಬೆಂಚಿನಲ್ಲಿ ಕೂತವರಿಗೆ ಎಲ್ಲವೂ ಕೇಳುತ್ತಿತ್ತು. ಬೆಂಚನ್ನು ಅಂಗಳದ ಮರದ ಕೆಳಗೆ ಸಾಗಿಸಿದರು. ಮುಟ್ಟಿನ ತೊಂದರೆ, ಕ್ಷಯ, ಮನಸ್ಸಿನ ಬೇನೆಯಂಥ ಮಾತುಗಳಿಗೆ ತಂತಿಯ ಹೆಡ್‌ಸೆಟ್. ಜೊತೆಗೆ ಬಂದ ಮಗನನ್ನೋ ಗಂಡನನ್ನೋ ಒಳಗೆ ಕೂರಿಸಬೇಕೇ ಎಂದು ರೋಗಿಯನ್ನೇ ಕೇಳುವುದು, ಅದೂ ಅವರು ಹೊರಗಿದ್ದಾಗ ಕೇಳುವುದು ರೂಢಿಯಾಯಿತು.

ಬೆಳಕಿನ ವಿಷಯ ಬೇಗ ಮುಗಿಯುತ್ತದೆ. ಕಿಟಕಿ ರೋಗಿಯ ಬೆನ್ನಿಗಿತ್ತು, ಮುಖ ಕಪ್ಪಾಗಿ ಕಾಣುತ್ತಿತ್ತು, ಮೇಜು ತಿರುಗಿಸಿದರು. ಹುಣ್ಣಿನ ಫೋಟೊ ಮಾತ್ರ ಅಷ್ಟು ಸಲೀಸಾಗಿ ಬಗೆಹರಿಯಲಿಲ್ಲ. ಹಸಿರು ಬಣ್ಣದ ಗೋಡೆಯ ಪಕ್ಕ ತೆಗೆದ ಚಿತ್ರದಲ್ಲಿ ಕ್ಯಾಮೆರಾ ಬಣ್ಣ ಸರಿದೂಗಿಸಲು ಹೋಗಿ ಚರ್ಮವನ್ನು ಇಲ್ಲದ ಕೆಂಪಿಗೆ ಎಳೆಯುತ್ತಿತ್ತು, ಸೋಂಕಿನ ಕೆಂಪೋ ಅಲ್ಲವೋ ಹೇಳಲು ಬರುತ್ತಿರಲಿಲ್ಲ. ಈಗಿನ ಕ್ರಮ: ಲೆನ್ಸ್ ಒರೆಸಿ, ಫ್ಲ್ಯಾಶ್ ಇಲ್ಲದೆ, ಬಾಗಿಲ ಬೆಳಕಿನಲ್ಲಿ, ಹುಣ್ಣಿನ ಪಕ್ಕ ಬಿಳಿ ಹಾಳೆ ಮತ್ತು ಸ್ಕೇಲ್ ಇಟ್ಟು, ಒಂದಡಿ ದೂರದಿಂದ ಜೂಮ್ ಮಾಡದೆ ತೆಗೆಯುವುದು. ಇಡೀ ಪಾದ ಕಾಣುವಂತೆ ಒಂದು, ಹತ್ತಿರದ್ದು ಒಂದು, ಓರೆಯಿಂದ ಒಂದು. ತೆಗೆಯುವುದು ಕೇಂದ್ರದ ಫೋನಿನಲ್ಲಿ, ಅದರಲ್ಲಿ ಬ್ಯಾಕಪ್ ಆಫ್. ಸಮಾಲೋಚನೆಯ ದಾಖಲೆಗೆ ಸೇರಿಸಿದ ಮೇಲೆ ಫೋನಿನಿಂದ ಅಳಿಸುವುದು.

ಕರೆಗೆ ಮುಂಚಿನ ಹತ್ತು ನಿಮಿಷ

ತಂತ್ರ ಸರಿಯಾದ ಮೇಲೆ ಭೇಟಿಯ ಸಮಯ ಎಲ್ಲಿ ಪೋಲಾಗುತ್ತಿದೆ ಎಂಬುದು ಕಂಡಿತು. ವೈದ್ಯರು ಕಾದಿರುವಾಗ ಬಿಪಿ ಪಟ್ಟಿ ಸುತ್ತುವುದು, ಮಾತ್ರೆಯ ಹೆಸರು ಹುಡುಕುವುದು. ಅದನ್ನೆಲ್ಲ ಕರೆಗೆ ಮುಂಚೆ ತಂದರು. ರೋಗಿ ಐದು ನಿಮಿಷ ಕೂತು ಸುಧಾರಿಸಿಕೊಂಡ ಮೇಲೆ, ತೋಳು ಎದೆಯ ಮಟ್ಟದಲ್ಲಿಟ್ಟು, ನಿಮಿಷ ಬಿಟ್ಟು ಎರಡು ಸಲ ಬಿಪಿ. ಸಕ್ಕರೆ ನೋಡುವ ಮುಂಚೆ ಕೈ ತೊಳೆಸಿ ಒರೆಸುವುದು. ಬೆಲ್ಲವೋ ಹಣ್ಣೋ ಮುಟ್ಟಿದ ಬೆರಳಲ್ಲಿ ಅಂಕಿ ಸುಳ್ಳೇ ಏರುತ್ತದೆ. ಖಾಲಿಹೊಟ್ಟೆಯದೋ ಊಟದ ನಂತರದ್ದೋ ಎಂದು ಬರೆಯುವುದು. ಆಕ್ಸಿಮೀಟರನ್ನು ಮದರಂಗಿ, ನೇಲ್‌ಪಾಲಿಶ್ ಇಲ್ಲದ ಬೆರಳಿಗೆ ಹಾಕುವುದು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತರಲು ಆಶಾ ಮೂಲಕ ಹಿಂದಿನ ದಿನ ಹೇಳಿಸುವುದು.

ಒಪ್ಪಿಗೆಯದ್ದೂ ಇಲ್ಲೇ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ರೋಗಿ ತಾನೇ ಕರೆ ಮಾಡಿದರೆ ಒಪ್ಪಿಗೆ ಇದೆ ಎಂದೇ ಅರ್ಥ. ಆರೋಗ್ಯ ಕಾರ್ಯಕರ್ತೆ ಕರೆ ಮಾಡಿಸಿದರೆ ಸ್ಪಷ್ಟವಾಗಿ ಕೇಳಿ ದಾಖಲಿಸಬೇಕು. ಉಪಕೇಂದ್ರದ ಭೇಟಿಗಳೆಲ್ಲ ಎರಡನೆಯ ಬಗೆಯವು. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಡಿ, ಕಟ್ಟುನಿಟ್ಟಿನ ನಿಯಂತ್ರಣದ ಶೆಡ್ಯೂಲ್ ಎಕ್ಸ್ ಪಟ್ಟಿಯಡಿ ಬರುವ ಔಷಧಗಳನ್ನು ಹೀಗೆ ಬರೆದುಕೊಡುವಂತಿಲ್ಲ. ‘ಅಮ್ಮನಿಗೆ ನಿದ್ದೆ ಮಾತ್ರೆ ಬರೆಸಿಕೊಡಿ ಮೇಡಂ’ ಎಂದು ಬರುವವರಿಗೆ ಇದನ್ನು ಕರೆಗೆ ಮುಂಚೆಯೇ ಹೇಳಿದರೆ ಎಲ್ಲರ ಹೊತ್ತೂ ಉಳಿಯುತ್ತದೆ. ಎದೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಜೋರು ಉಬ್ಬಸ ಇದ್ದವರಿಗೆ ವಿಡಿಯೊ ಇಲ್ಲ, 108ಕ್ಕೆ ಕರೆ.

ಏನಾಯಿತು

ಆ ಮಹಿಳೆ ಮತ್ತೆ ಬಂದದ್ದು ಈ ಬದಲಾವಣೆಗಳಾದ ಮೇಲೆ. ಬಿಪಿ 108/66, ಎದ್ದರೆ ತಲೆಸುತ್ತು. ಮನೆಮಾತು ತೆಲುಗು, ವೈದ್ಯರಿಗೆ ಕನ್ನಡ ಮಾತ್ರ. ಸಿಎಚ್‌ಒ ಒಂದೊಂದೇ ವಾಕ್ಯ ದಾಟಿಸುತ್ತಿದ್ದರು. ಮಾತಿನ ನಡುವೆ ಮಹಿಳೆ ಕಾಲು ಭಾರ ಎಂದರು. ಈ ಮೊದಲಿನ ತುಂಡುಮಾತಿನಲ್ಲಿ ಅದು ವೈದ್ಯರನ್ನು ತಲುಪುತ್ತಿರಲಿಲ್ಲ. ‘ಕಾಲು ತೋರ್ಸಿ ಅಮ್ಮ’ ಎಂದರು ವೈದ್ಯರು. ಸಿಎಚ್‌ಒ ಕ್ಯಾಮೆರಾ ಕೆಳಗೆ ತಿರುಗಿಸಿ, ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಐದು ಸೆಕೆಂಡ್ ಒತ್ತಿ ಬಿಟ್ಟರು. ಗುಳಿ ಹಾಗೇ ನಿಂತಿತು.

ಚೀಲ ಬಿಚ್ಚಿದರು. ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಮಾತ್ರೆ ಪಟ್ಟಿಯ ಸಣ್ಣ ಅಕ್ಷರ ಹಿಡಿಯದು, ಹಾಗಾಗಿ ಸಿಎಚ್‌ಒ ಒಂದೊಂದರ ಒಳಗಿನ ಔಷಧದ ಹೆಸರು ಮತ್ತು ಮಿಲಿಗ್ರಾಂ ಓದುತ್ತ ಹೋದರು. ಬಿಪಿಯ ಮಾತ್ರೆ ಆಮ್ಲೋಡಿಪಿನ್ 5 ಮಿ.ಗ್ರಾಂ ಎರಡು ಸಲ ಬಂತು: ಒಂದು ಕೇಂದ್ರದಲ್ಲಿ ಕೊಟ್ಟದ್ದು, ಇನ್ನೊಂದು ಪಟ್ಟಣದ ಮೆಡಿಕಲ್ ಅಂಗಡಿಯದು, ಬೇರೆ ಕಂಪನಿಯ ಹೆಸರಿನಲ್ಲಿ. ಭೇಟಿ ಕೈಕೊಟ್ಟಾಗ ಪಟ್ಟಣಕ್ಕೆ ಹೋಗಿ ತಂದ ಮಾತ್ರೆ ಇದು. ಎರಡೂ ಬೇರೆ ಬೇರೆ ಎಂದುಕೊಂಡು ದಿನಾ ಎರಡನ್ನೂ ನುಂಗುತ್ತಿದ್ದರು. ಈ ಔಷಧದಿಂದ ಪಾದ ಊದುವುದು ಗೊತ್ತಿರುವ ಅಡ್ಡಪರಿಣಾಮ, ಪ್ರಮಾಣ ಏರಿದಷ್ಟೂ ಹೆಚ್ಚು. ವೈದ್ಯರು ಒಂದನ್ನು ನಿಲ್ಲಿಸಿದರು. ಆದರೆ ಊತಕ್ಕೆ ಹೃದಯ, ಮೂತ್ರಪಿಂಡವೂ ಕಾರಣವಾಗಬಹುದಾದ್ದರಿಂದ ಮಲಗಿದಾಗ ಏದುಸಿರು ಬರುತ್ತದೆಯೇ ಎಂದು ಕೇಳಿ, ಮೂತ್ರದ ಪ್ರೋಟೀನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆಗೆ ತಾಲ್ಲೂಕು ಆಸ್ಪತ್ರೆಗೆ ಕಳಿಸಿದರು. ವರದಿಗಳಲ್ಲಿ ದೋಷವಿರಲಿಲ್ಲ, ಊತ ಇಳಿಯಿತು.

ಗಮನಿಸಬೇಕಾದದ್ದು: ಊತ ಕಂಡದ್ದು ಕ್ಯಾಮೆರಾದ ಗುಣದಿಂದಲ್ಲ. ‘ಕಾಲು ಭಾರ’ ಕೇಳಿಸಿತು, ಒತ್ತಿ ನೋಡುವ ಕೈ ಅಲ್ಲಿತ್ತು, ಚೀಲ ಮುಂಚೆಯೇ ತರಿಸಲಾಗಿತ್ತು. ಮನೆಯಲ್ಲಿ ಒಬ್ಬರೇ ಫೋನ್ ಹಿಡಿದು ಮಾತಾಡುವ ರೋಗಿಯ ಜೊತೆ ಇದೇ ಭೇಟಿ ಇಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ. ಅಂಥ ಭೇಟಿಗೆ ಮನೆಯ ಒಬ್ಬರನ್ನಾದರೂ ಪಕ್ಕ ಕೂರಿಸಿ ‘ಇಲ್ಲಿ ಒತ್ತಿ, ಈಗ ಬಿಡಿ’ ಎಂದು ಹೇಳಿಕೊಡುವುದು ವೈದ್ಯರ ಕೆಲಸವಾಗುತ್ತದೆ.

ಉಳಿದ ತೊಡಕುಗಳು

ಭೇಟಿ ಅರ್ಧಕ್ಕೆ ನಿಲ್ಲುವುದು ಅಪರೂಪವಾಗಿದೆ, ಪೂರ್ತಿ ತಪ್ಪಿಲ್ಲ. ಟವರ್ ಮೇಲೆ ಹೊರೆ ಹೆಚ್ಚಿದ ಹೊತ್ತಿನಲ್ಲಿ ಅಪ್‌ಲೋಡ್ ಒಂದು ಎಂಬಿಪಿಎಸ್‌ಗೂ ಇಳಿಯುತ್ತದೆ. ಪಿಂಗ್ 300 ದಾಟಿ ನಿಂತರೆ ಕ್ಯಾಮೆರಾ ನಿಲ್ಲಿಸಿ ಧ್ವನಿ ಮಾತ್ರ ಇಟ್ಟುಕೊಳ್ಳುವುದು, ಅದೂ ಹೋದರೆ ಕರೆ ಮಾಡಬೇಕಾದ ನಂಬರನ್ನು ಶುರುವಿನಲ್ಲೇ ವೈದ್ಯರಿಗೆ ಕೊಟ್ಟಿರುವುದು ಈಗಿನ ಕ್ರಮ. ‘ಕರೆ ಕಡಿದರೆ ಯಾರು ಯಾರಿಗೆ ಮಾಡುವುದು’ ಎಂದು ಮೊದಲೇ ಹೇಳಿಕೊಳ್ಳದಿದ್ದರೆ ಇಬ್ಬರೂ ಒಟ್ಟಿಗೆ ಮಾಡಿ ಇಬ್ಬರಿಗೂ ಬ್ಯುಸಿ ಬರುತ್ತದೆ.

ಸಿಎಚ್‌ಒ ವರ್ಗವಾದಾಗ ಇನ್ನೊಂದು ಪಾಠವಾಯಿತು. ಹೊಸಬರು ಬಂದ ವಾರದಲ್ಲೇ ಮುಖ್ಯ ವೈಫೈನ ಪಾಸ್‌ವರ್ಡ್ ಮತ್ತೆ ಎಲ್ಲರ ಫೋನಿಗೆ ಹೋಯಿತು, ಹತ್ತು ಗಂಟೆಯ ಪಿಂಗ್ ಮತ್ತೆ 800 ಮುಟ್ಟಿತು. ಈ ಸಲ ಪಾಸ್‌ವರ್ಡ್ ಬದಲಿಸುವ ಗೊಡವೆಗೆ ಹೋಗಲಿಲ್ಲ. ಮುಖ್ಯ ವೈಫೈ ಪ್ರಸಾರವನ್ನೇ ನಿಲ್ಲಿಸಿ ಮಿತಿಯ ಅತಿಥಿ ವೈಫೈ ಒಂದನ್ನೇ ಉಳಿಸಿದರು. ಲ್ಯಾಪ್‌ಟಾಪ್ ಹೇಗೂ ತಂತಿಯಲ್ಲಿದೆ. ಸೆಟಿಂಗ್ಸ್ ಏನೇನಿರಬೇಕು, ಸಜ್ಜೆಯ ಮೇಲೆ ಸಿಗ್ನಲ್ ಎಷ್ಟಿರಬೇಕು, ಸಣ್ಣ ಯುಪಿಎಸ್‌ನ ಬ್ಯಾಟರಿ ಹಾಕಿದ ತಿಂಗಳು ಯಾವುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಪಾಸ್‌ವರ್ಡ್ ಆ ಹಾಳೆಯಲ್ಲಿಲ್ಲ, ಅದು ತಾಲ್ಲೂಕು ಕಚೇರಿಯಲ್ಲಿದೆ.